ಗೋಡೆಯ ಬರಹ, ಬೀದಿಯ ಬರಹ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪೇಟೆಗಳನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

ಕನ್ನಡದಲ್ಲಿ ‘ಬರೆ’ ಎಂಬ ಧಾತುವಿನ ಅರ್ಥವ್ಯಾಪ್ತಿ ದೊಡ್ಡದು. ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಮದುವೆಯ ಮನೆಯಲ್ಲಿ ಹಸೆ ಬರೆಯುತ್ತಾರೆ. ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದೆಂದು ನಂಬುತ್ತಾರೆ. ಕಾಯಿಸಿದ ಕಬ್ಬಿಣದಿಂದ ಮೈಮೇಲೆ ಎಳೆದ ಗುರುತೂ ಬರೆಯೇ. ಪಾಶ್ಚಾತ್ಯ ಅಧ್ಯಯನಗಳು ಸಾರ್ವಜನಿಕ ಗೋಡೆಯ ಮೇಲಿನ ಅಕ್ಷರಕ್ಕೆ ಗ್ರಾಫಿಟಿ ಎಂದೂ ಚಿತ್ರಕ್ಕೆ ಬೀದಿಕಲೆ ಎಂದೂ ಹೆಸರಿಟ್ಟು, ಮೊದಲನೆಯದನ್ನು ಅಪರಾಧದ ಬದಿಗೆ, ಎರಡನೆಯದನ್ನು ಕಲೆಯ ಬದಿಗೆ ಸರಿಸಿ ನೋಡುವುದುಂಟು. ಇಟಲಿಯ ಭಾಷೆಯಿಂದ ಬಂದ ಗ್ರಾಫಿಟಿ ಎಂಬ ಪದದ ಮೂಲಾರ್ಥ ಗೀರುವುದು, ಕೆರೆಯುವುದು. ಕನ್ನಡದ ಕ್ರಿಯಾಪದ ಮಾತ್ರ ಈ ವಿಭಜನೆಯನ್ನು ಒಪ್ಪುವುದಿಲ್ಲ. ಗೋಡೆಯ ಮೇಲೆ ಏನು ಮಾಡಿದರೂ ಅದು ಬರಹವೇ. ಆದುದರಿಂದ ಈ ವಿಷಯವನ್ನು ಕನ್ನಡ ನಾಡಿನ ಸಣ್ಣ ಪೇಟೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವಾಗ ‘ಗೋಡೆ ಬರಹ’ ಎಂಬ ಬಳಕೆಯ ಮಾತನ್ನೇ ಪಾರಿಭಾಷಿಕವಾಗಿ ಸ್ವೀಕರಿಸುವುದು ಉಚಿತ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಈ ನಾಲ್ಕು ತಾಲ್ಲೂಕು ಕೇಂದ್ರಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರಲ್ಲಿ ಈ ಜಿಲ್ಲೆ ರಚನೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು ಇತ್ತೀಚೆಗಷ್ಟೇ ಪ್ರತ್ಯೇಕ ತಾಲ್ಲೂಕಾಯಿತು. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಒಣಭೂಮಿಯವರೆಗೆ ಹಬ್ಬಿದ ಈ ಪ್ರದೇಶದಲ್ಲಿ ಮಹಾನಗರವಿಲ್ಲ, ಕಲಾ ಗ್ಯಾಲರಿಗಳಿಲ್ಲ. ಬೀದಿಕಲೆಯನ್ನು ಕುರಿತ ಚರ್ಚೆಗಳಲ್ಲಿ ಇಂಥ ಊರುಗಳ ಹೆಸರು ಬರುವುದೇ ಇಲ್ಲ. ಗೋಡೆ ಮತ್ತು ಜನರ ನಡುವಣ ಸಂಬಂಧ ಎಷ್ಟು ಹಳೆಯದು, ಎಷ್ಟು ಜಟಿಲವಾದದ್ದು ಎಂಬುದು ಬೆಂಗಳೂರಿನ ಮೇಲುಸೇತುವೆಯ ಕಂಬಗಳಿಗಿಂತ ಇಂಥ ಪೇಟೆಗಳ ಬಸ್ ನಿಲ್ದಾಣ, ಸಂತೆಮಾಳ, ಪಂಚಾಯಿತಿ ಕಟ್ಟೆಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟವು (1902) ಶಿವಮೊಗ್ಗ, ಶಿಕಾರಿಪುರಗಳೊಡನೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿವೆ. ದಾನ, ಕಾಳಗ, ತುರುಗೋಳು, ಕೆರೆಯ ನಿರ್ಮಾಣ ಇವೆಲ್ಲ ಸಾರ್ವಜನಿಕರು ಓಡಾಡುವ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆಸಿದ ಬರಹಗಳು. ಆದರೆ ಇವು ಬರೆಸಿದವರ ಬರಹಗಳು, ಬರೆದವರವಲ್ಲ. ಬರೆದವನು ತನ್ನನ್ನು ತೋರಿಸಿಕೊಂಡ ಸಂದರ್ಭಗಳು ವಿರಳವಾದುದರಿಂದಲೇ ಅವು ಕುತೂಹಲಕರ. ಹಳೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಪ್ರದೇಶದ ಅಶೋಕನ ಶಾಸನಗಳಲ್ಲಿ ಚಕ್ರವರ್ತಿಯ ಮಾತೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ಲಿಪಿಕಾರ ಚಪಡ ತನ್ನ ಕಸುಬನ್ನು ಸೂಚಿಸುವ ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲವೆಂಬುದು ಅವನಿಗೂ ತಿಳಿದಿದ್ದಿರಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಬಂದುಹೋದ ಯಾತ್ರಿಕರ ಹೆಸರುಗಳು ಹೇರಳವಾಗಿವೆ. ಅವುಗಳ ನಡುವೆಯೇ ಇರುವ ‘ಕವಿರತ್ನ’ ಎಂಬ ಅಕ್ಷರಗಳನ್ನು ರನ್ನ ಕವಿಯವೆಂದು ವಿದ್ವಾಂಸರು ಗುರುತಿಸುತ್ತಾರೆ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೋದ ದಾಸೋಜ ಬೇಲೂರಿನ ಶಿಲ್ಪಗಳ ಅಡಿಯಲ್ಲಿ ತನ್ನ ಹೆಸರು, ಊರು ಕೆತ್ತಿದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ‘ಟಾಕಿ 183’ ಎಂದು ತನ್ನ ಅಡ್ಡಹೆಸರನ್ನೂ ಬೀದಿಯ ಸಂಖ್ಯೆಯನ್ನೂ ರೈಲು ನಿಲ್ದಾಣಗಳಲ್ಲೆಲ್ಲ ಬರೆಯುತ್ತಿದ್ದ ತರುಣನೊಬ್ಬನ ಬಗ್ಗೆ ವರದಿ ಪ್ರಕಟಿಸಿದಾಗ ಅದು ಹೊಸ ಯುಗದ ವಿದ್ಯಮಾನವೆಂಬಂತೆ ಚರ್ಚೆಯಾಯಿತು. ಹೆಸರು ಮತ್ತು ಊರು ಎಂಬ ಆ ಸೂತ್ರ ದಾಸೋಜನಿಗೆ ಹೊಸದೇನೂ ಆಗುತ್ತಿರಲಿಲ್ಲ.

ಹಾಗೆಂದು ಸ್ಮಾರಕಗಳ ಮೇಲೆ ಇಂದು ಮೊಳೆಯಿಂದ ಗೀಚುವ ಹೆಸರುಗಳನ್ನೆಲ್ಲ ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಮುಸಾಫಿರಖಾನೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳು. ಹನುಮಪ್ಪನಾಯಕನ ಕಾಲದ ಕೊಳ, ಬಿಜಾಪುರದ ರಣದುಲ್ಲಾಖಾನನ ಕಾಲದ ಕಟ್ಟಡ ಎದುರುಬದುರಾಗಿ ನಿಂತಿರುವ ಆ ಸ್ಥಳದಲ್ಲಿ ಒಂದು ಗೀರು ಬಿದ್ದರೂ ಎರಡು ಆಳ್ವಿಕೆಗಳ ಮಾತಿನ ಮೇಲೆ ಮೂರನೆಯ ಮಾತು ಬಿದ್ದಂತೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಲ್ಲಿ ಇಂಥ ಕೃತ್ಯಕ್ಕೆ ಇದ್ದ ಮೂರು ತಿಂಗಳ ಸಜೆಯನ್ನು 2010ರ ತಿದ್ದುಪಡಿ ಎರಡು ವರ್ಷಕ್ಕೆ, ದಂಡವನ್ನು ಒಂದು ಲಕ್ಷ ರೂಪಾಯಿಗೆ ಏರಿಸಿತು. ಕಾನೂನಿನ ಕಠೋರತೆ ಒಂದು ಕಡೆ ಇರಲಿ. ಅಧ್ಯಯನದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ. ಶ್ರೀಲಂಕೆಯ ಸಿಗಿರಿಯಾದ ಕನ್ನಡಿಗೋಡೆಯ ಮೇಲೆ ಪ್ರೇಕ್ಷಕರು ಶತಮಾನಗಳ ಹಿಂದೆ ಗೀಚಿದ ಪದ್ಯಗಳನ್ನು ಸೆನರತ್ ಪರಣವಿತಾನ 1956ರಲ್ಲಿ ಪ್ರಕಟಿಸಿದಾಗ ಸಿಂಹಳ ಸಾಹಿತ್ಯ ಚರಿತ್ರೆಗೆ 685 ಪದ್ಯಗಳು ಸೇರಿದವು. ಅಂದು ಗೀಚಿದವರು ತಾವು ನೋಡಿದ ಚಿತ್ರದ ಬಗ್ಗೆ ಏನನ್ನೋ ಹೇಳಿದ್ದರು. ಇಂದಿನ ಸ್ಮಾರಕಗಳ ಗೀಚುಬರಹದಲ್ಲಿ ಸ್ಮಾರಕದ ಬಗ್ಗೆ ಒಂದು ಪದವೂ ಇರುವುದಿಲ್ಲ. ಎರಡು ಹೆಸರು, ನಡುವೆ ಒಂದು ಹೃದಯ, ಅಷ್ಟೇ. ಊರಿನಲ್ಲಿ ಬಾಯಿಬಿಟ್ಟು ಹೇಳಲಾಗದ, ಜಾತಿಯೋ ಮನೆತನವೋ ಅಡ್ಡಬಂದ ಜೋಡಿಹೆಸರಿಗೆ ಊರಾಚೆಯ ಕಲ್ಲು ಆಶ್ರಯ ಕೊಡುತ್ತದೆಯೆಂದು ಊಹಿಸಿದರೆ ತಪ್ಪಾಗಲಾರದು. ಅದು ಕಲ್ಲಿಗೆ ಆಗುವ ಹಾನಿಯನ್ನು ಕಡಿಮೆ ಮಾಡುವುದಿಲ್ಲ. ಆದರೆ ಹಾನಿಯ ಕಾರಣವನ್ನು ಬರಿಯ ಕಿಡಿಗೇಡಿತನವೆಂದು ಕೈತೊಳೆದುಕೊಳ್ಳಲು ಬಿಡುವುದೂ ಇಲ್ಲ.

ಜಾನಪದದ ಪರಿಭಾಷೆಯಲ್ಲಿ ಗೋಡೆಯೆಂದರೆ ಮೊದಲಿಗೆ ಮನೆಯ ಗೋಡೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಈಗ ನಾಡಿಗೆಲ್ಲ ಪರಿಚಿತ: ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಬಯಲುಸೀಮೆಯತ್ತ ಬಂದಂತೆ ಚಿತ್ತಾರ ಸರಳವಾಗಿ, ಸುಣ್ಣದ ಗೋಡೆಯ ಬುಡಕ್ಕೆ ಎಳೆದ ಕೆಮ್ಮಣ್ಣಿನ ಪಟ್ಟಿ, ದೇವಸ್ಥಾನದ ಪೌಳಿಗೆ ಬಳಿದ ಬಿಳಿ–ಕೆಂಪು ಗೆರೆಗಳಿಗೆ ಸೀಮಿತವಾಗುತ್ತದೆ. ಇಲ್ಲೊಂದು ಸಂಗತಿ ಸಂಶೋಧಕರ ಕಣ್ಣಿನಿಂದ ತಪ್ಪಿದೆ. ಬೀದಿಕಲೆಯನ್ನು ಆಧುನಿಕ, ನಾಗರಿಕ, ಪುರುಷಪ್ರಧಾನ ಚಟುವಟಿಕೆಯೆಂದು ವರ್ಣಿಸುವವರು ಪ್ರತಿ ಮುಂಜಾನೆ ಹೊಸ್ತಿಲಾಚೆ, ಅಂದರೆ ಬೀದಿಯಲ್ಲಿಯೇ, ಹೆಂಗಸರು ಬರೆಯುವ ರಂಗೋಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನುಮತಿ ಕೇಳದೆ, ಸಹಿ ಹಾಕದೆ, ಸಂಜೆಯೊಳಗೆ ಅಳಿಸಿಹೋಗುವುದೆಂದು ತಿಳಿದೇ ಸಾರ್ವಜನಿಕ ನೆಲದ ಮೇಲೆ ಬರೆಯುವ ಆ ಚಿತ್ರಕ್ಕೆ ಬೀದಿಕಲೆಯ ಎಲ್ಲ ಲಕ್ಷಣಗಳೂ ಇವೆ. ಅದನ್ನು ಯಾವ ಕಾನೂನೂ ವಿರೂಪವೆನ್ನುವುದಿಲ್ಲ. ಹೆಣ್ಣಿನ ಬರಹ ನೆಲದ ಮೇಲೆ, ಬಾಗಿಲ ಅಳತೆಯಲ್ಲಿ ಇರುವವರೆಗೆ ಅದು ಮಂಗಳ. ಅದೇ ಎದ್ದು ಊರ ಗೋಡೆ ಹತ್ತಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಪೇಟೆಗಳಲ್ಲಿ ಉತ್ತರ ಸಿಗುವುದು ಕಷ್ಟ, ಏಕೆಂದರೆ ಊರ ಗೋಡೆ ಬರೆಯುವವರು ಬಹುಮಟ್ಟಿಗೆ ಗಂಡಸರೇ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ. 1990ರ ದಶಕದಲ್ಲಿ ಕರ್ನಾಟಕದ ಹಳ್ಳಿ, ಪೇಟೆಗಳ ಮನೆಬಾಗಿಲುಗಳ ಮೇಲೆ, ಪಕ್ಕದ ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿಹೊತ್ತು ಹೆಣ್ಣುದೆವ್ವವೊಂದು ಮನೆಯವರಲ್ಲಿ ಯಾರದೋ ದನಿಯಲ್ಲಿ ಬಾಗಿಲಾಚೆಯಿಂದ ಕೂಗುತ್ತದೆ, ಓಗೊಟ್ಟವರು ಸಾಯುತ್ತಾರೆ, ಬಾಗಿಲ ಮೇಲಿನ ಬರಹವನ್ನು ಓದಿದರೆ ಮಾತ್ರ ಹಿಂದಿರುಗುತ್ತದೆ ಎಂಬುದು ಅದರ ಹಿಂದಿನ ಕಥನ. ಸುಣ್ಣ, ಸೀಮೆಸುಣ್ಣ, ಇಟ್ಟಿಗೆಯ ಚೂರು, ಇದ್ದಿಲು, ಕೈಗೆ ಸಿಕ್ಕಿದ್ದರಲ್ಲಿ ಬರೆದರು. ಬರೆದವರಲ್ಲಿ ಹೆಂಗಸರೂ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಯಾರೂ ಪ್ರಚಾರ ಮಾಡದೆ, ಯಾವ ಇಲಾಖೆಯೂ ಸುತ್ತೋಲೆ ಹೊರಡಿಸದೆ ಇಷ್ಟು ವ್ಯಾಪಕವಾಗಿ ಹರಡಿದ ಮತ್ತೊಂದು ಗೋಡೆ ಬರಹ ಕನ್ನಡದಲ್ಲಿ ಸಿಗುವುದಿಲ್ಲ. 2018ರ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರ ಇದನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು ದೇಶಕ್ಕೆಲ್ಲ ಪರಿಚಯಿಸಿತು. ಅದಕ್ಕೆ ಮುನ್ನ ಕನ್ನಡ ಜಾನಪದ ಸಂಶೋಧನೆ ಇದನ್ನು ಮೂಢನಂಬಿಕೆಯ ಉದಾಹರಣೆಯಾಗಿ ಕಂಡದ್ದೇ ಹೆಚ್ಚು.

ಈ ಎರಡು ಪದಗಳ ರಚನೆ ಎಚ್ಚರದ ಓದಿಗೆ ಯೋಗ್ಯವಾಗಿದೆ. ‘ನಾಳೆ’ ಎಂಬ ಪದ ಮಾತಿನಲ್ಲಿ ಬಂದಾಗ ಮರುದಿನಕ್ಕೆ ಅದರ ಅವಧಿ ಮುಗಿಯುತ್ತದೆ. ಗೋಡೆಯ ಮೇಲೆ ಬರೆದ ‘ನಾಳೆ’ ಓದಿದ ದಿನದಿಂದ ಎಣಿಕೆಯಾಗುವುದರಿಂದ ಎಂದೂ ಮುಗಿಯುವುದಿಲ್ಲ. ಬರಹಕ್ಕೂ ಮಾತಿಗೂ ಇರುವ ಅಂತರವನ್ನು ಇಷ್ಟು ಚುರುಕಾಗಿ ಬಳಸಿಕೊಂಡ ಜನಪದ ಯುಕ್ತಿ ವಿರಳ. ಇದೇ ಯುಕ್ತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ‘ಇಂದು ನಗದು, ನಾಳೆ ಉದ್ರಿ’ ಎಂಬ ಬರಹದಲ್ಲಿದೆ. ಉದ್ರಿ ಕೇಳುವ ಗಿರಾಕಿಯನ್ನೂ ಪ್ರಾಣ ಕೇಳುವ ದೆವ್ವವನ್ನೂ ಒಂದೇ ವ್ಯಾಕರಣದಿಂದ ವಾಪಸು ಕಳಿಸಲಾಗಿದೆ. ಇಬ್ಬರಿಗೂ ‘ಇಲ್ಲ’ ಎಂದಿಲ್ಲ. ಬಂದವರನ್ನು ಬರಬೇಡವೆನ್ನುವುದು ಊರಿನ ರೀತಿಯಲ್ಲ. ಇನ್ನು ‘ಬಾ’ ಎಂಬ ಏಕವಚನ. ಅದು ದೆವ್ವವನ್ನು ಮನೆಯ ಮಗಳಂತೆ, ನೆರೆಯ ಗೆಳತಿಯಂತೆ ಸಂಬೋಧಿಸುತ್ತದೆ. ಸರಕಾರಿ ಫಲಕಗಳ ‘ನಿಷೇಧಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ನಿಷೇಧಿಸಿದವರೂ ಇಲ್ಲ, ಕೇಳಿಸಿಕೊಳ್ಳುವವರೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಈ ದೆವ್ವ ಅಕ್ಷರಸ್ಥೆ. ಓದಲು ಬಾರದ ದೆವ್ವಕ್ಕೆ ಈ ಕಥನದಲ್ಲಿ ಜಾಗವಿಲ್ಲ. ಸಾಕ್ಷರತಾ ಆಂದೋಲನ ಹಳ್ಳಿಹಳ್ಳಿಗೆ ತಲುಪಿದ ದಶಕದಲ್ಲಿಯೇ ಅಕ್ಷರ ಪ್ರಾಣ ಉಳಿಸುತ್ತದೆಂಬ ಈ ನಂಬಿಕೆ ಹಬ್ಬಿತೆಂಬುದು ಆಕಸ್ಮಿಕವಿರಬಹುದು. ಆದರೂ ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕಿದ ಬರಹಗಾರರು ಅದರೊಳಗಿನ ಈ ಸೂಕ್ಷ್ಮವನ್ನು ಕಾಣದೆ ಹೋದರೆಂದೇ ಹೇಳಬೇಕಾಗುತ್ತದೆ.

ಗೋಡೆಯ ಶಾಪ ಇದರ ಮರುಬದಿ. ಪೇಟೆಗಳ ಸಂದುಗೊಂದಿಗಳಲ್ಲಿ, ಸರಕಾರಿ ಕಚೇರಿಗಳ ಹಿಂಬದಿಯ ಗೋಡೆಗಳಲ್ಲಿ ಮೂತ್ರ ವಿಸರ್ಜನೆಯ ವಿರುದ್ಧ ಬರೆದ ಮಾತುಗಳನ್ನು ಯಾರೂ ಸಂಗ್ರಹಯೋಗ್ಯವೆಂದು ಭಾವಿಸಿಲ್ಲ. ಆರಂಭದಲ್ಲಿ ವಿನಂತಿ, ಅದಕ್ಕೆ ಬೆಲೆ ಸಿಗದಿದ್ದಾಗ ದಂಡದ ಬೆದರಿಕೆ, ಅದೂ ಸಾಲದಾದಾಗ ಅಲ್ಲಿ ನಿಲ್ಲುವವನು ಕತ್ತೆಯೆಂಬ ಘೋಷಣೆ, ಕೊನೆಗೆ ಎಲ್ಲ ಮತಗಳ ದೇವರ ಚಿತ್ರವಿರುವ ಟೈಲ್ಸ್. ಶಾಸನಗಳ ಶಾಪಾಶಯವನ್ನು ಬಲ್ಲವರಿಗೆ ಈ ಏರಿಕೆ ಅಪರಿಚಿತವಲ್ಲ. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವ ಶಿಕ್ಷೆ ಎಂದು ಕಲ್ಲು ಹೇಳುತ್ತಿತ್ತು. ಮಹಾರಾಷ್ಟ್ರ, ಗೋವೆಗಳ ಶಾಪಗಲ್ಲುಗಳ ಮೇಲೆ ಕತ್ತೆಯ ಚಿತ್ರವನ್ನೇ ಕೆತ್ತಿದ್ದಾರೆ. ಆಳುವವನ ಸೈನಿಕ ಕಾವಲಿರದ ಕಡೆ ಶಾಪವೇ ಕಾವಲು ಎಂಬ ತತ್ತ್ವ ಎರಡರಲ್ಲಿಯೂ ಒಂದೇ. ಭೂಮಿಯನ್ನು ಕಾಯುತ್ತಿದ್ದ ಕತ್ತೆ ಈಗ ಗೋಡೆಯನ್ನು ಕಾಯುತ್ತಿದೆ.

ದೇವರ ಟೈಲ್ಸಿನ ವಿಷಯದಲ್ಲಿ ಮಾತ್ರ ವಿನೋದ ನಿಲ್ಲುತ್ತದೆ. ಸಂತೆಗೆ ಬಂದ ಕೂಲಿಯವನಿಗೆ, ಬಸ್ಸಿಗೆ ಕಾದ ವೃದ್ಧನಿಗೆ ಶೌಚಾಲಯವನ್ನು ಒದಗಿಸದ ಊರು ಅವನ ದೇಹಬಾಧೆಯನ್ನು ದೈವದ್ರೋಹವನ್ನಾಗಿ ಮಾಡುತ್ತದೆ. ಗೋಡೆಯ ಒಡೆಯನ ಕಷ್ಟ ನಿಜ. ಆದರೆ ಈ ಚಿತ್ರಗಳು ಭಕ್ತಿಯಿಂದ ಹುಟ್ಟಿದವಲ್ಲ. ಅಂಥ ಗೋಡೆಯ ಬಳಿಯೂ ನಿಲ್ಲಲಾಗದ ಹೆಂಗಸರ ಪಾಡನ್ನು ಯಾವ ಗೋಡೆಯೂ ಬರೆದುಕೊಂಡಿಲ್ಲ. ಸರ್ವಮತ ಸಮನ್ವಯದ ಉದಾಹರಣೆಯೆಂದು ಇವನ್ನು ಕೊಂಡಾಡುವ ಲೇಖನಗಳು ಗೋಡೆಯ ಬುಡವನ್ನೂ ಒಮ್ಮೆ ನೋಡಬೇಕಿತ್ತು.

ಶೌಚಾಲಯ ಇರುವಲ್ಲಿ ಅದರ ಒಳಗೋಡೆಯ ಬರಹದ ಪ್ರಶ್ನೆ ಬರುತ್ತದೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1966ರಲ್ಲಿ ಇಂಥ ಬರಹಗಳಿಗೆ ‘ಲ್ಯಾಟ್ರಿನೇಲಿಯ’ ಎಂಬ ಹೆಸರನ್ನಿಟ್ಟು ಅವು ಜಾನಪದದ ಅಧಿಕೃತ ಸಾಮಗ್ರಿಯೆಂದು ವಾದಿಸಿದರು. ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಗುಂಪಾದರೂ ಜನಪದವೇ ಎಂಬ ಅವರ ವ್ಯಾಖ್ಯೆಯನ್ನು ಕನ್ನಡದ ಪಠ್ಯಗಳು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಆದರೆ ವ್ಯಾಖ್ಯೆಯನ್ನು ಎರವಲು ತಂದವರು ಅದು ಕರೆದೊಯ್ಯುವ ಕಡೆಗೆ ಹೋಗಲಿಲ್ಲ. ಇದಕ್ಕೆ ಮಡಿವಂತಿಕೆಯಷ್ಟೇ ಕಾರಣವಲ್ಲ. ರಿಚರ್ಡ್ ಡಾರ್ಸನ್ 1972ರಲ್ಲಿ ಮಾಡಿದ ಚತುರ್ವಿಧ ವಿಭಾಗವನ್ನು – ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ, ಪ್ರದರ್ಶನ ಕಲೆ – ಒಪ್ಪಿಕೊಂಡ ಪಠ್ಯಕ್ರಮಗಳಲ್ಲಿ ಲಿಖಿತವಾಗಿದ್ದೂ ಅನಾಮಿಕವಾದ, ಪಾಠಾಂತರಗಳಿಂದ ಕೂಡಿದ, ಪರಂಪರೆಯಿಂದ ಬಂದ ಬರಹಕ್ಕೆ ಮನೆಯೇ ಇಲ್ಲ. ಲಾರಿ, ಆಟೋಗಳ ಹಿಂಬದಿಯ ಬರಹ ಹೇಗೋ ವಿನೋದ ಸಾಹಿತ್ಯವಾಗಿ ಒಳಬಂದಿತು. ಗೋಡೆ ಹೊರಗುಳಿಯಿತು.

ಒಳಗೆ ಬರಲಿ ಎಂದಾಗಲೂ ಒಂದು ಎಚ್ಚರ ಬೇಕು. ಕಾಲೇಜು, ಬಸ್ ನಿಲ್ದಾಣಗಳ ಗುಪ್ತಗೋಡೆಗಳಲ್ಲಿ ಹೆಣ್ಣುಮಕ್ಕಳ ಹೆಸರು, ಕೆಲವೊಮ್ಮೆ ದೂರವಾಣಿ ಸಂಖ್ಯೆಯನ್ನೂ ಬರೆದು ಅವಮಾನಿಸುವುದು ಸಾಮಾನ್ಯ. ಸಂಗ್ರಹಕಾರನು ಅದನ್ನು ಯಥಾವತ್ತಾಗಿ ನಕಲು ಮಾಡಿಕೊಂಡರೆ ಬರೆದವನ ಹಿಂಸೆಗೆ ಇನ್ನೊಂದು ಗೋಡೆಯನ್ನು ಒದಗಿಸಿದಂತಾಗುತ್ತದೆ. ಜನಪದವೆಂದರೆ ಶುದ್ಧವೂ ಮುಗ್ಧವೂ ಆದದ್ದು ಎಂಬ ಹಳೆಯ ಭಾವನೆ ಈ ಗೋಡೆಯ ಎದುರಿಗೆ ನಿಲ್ಲುವುದಿಲ್ಲ. ಹೆಸರುಗಳನ್ನು ತೆಗೆದು, ರೂಪವನ್ನು ಮಾತ್ರ ದಾಖಲಿಸುವ ಕ್ರಮವೇ ಇಲ್ಲಿ ಯೋಗ್ಯ.

ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಕಾಲಕ್ಕೆ ಆ ಜಿಲ್ಲೆ ಕರ್ನಾಟಕದ ಎರಡು ದೊಡ್ಡ ಚಳವಳಿಗಳ ತವರಾಗಿತ್ತು. ಭದ್ರಾವತಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಗೆ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ನೇತೃತ್ವ ನೀಡಿದರು, 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ನಾಯಕತ್ವದಲ್ಲಿ ರಾಜ್ಯ ರೈತ ಸಂಘ ಸ್ಥಾಪನೆಯಾಯಿತು. ರೈತ ಸಂಘದ ಕಾರ್ಯಕರ್ತರು ಊರಬಾಗಿಲಲ್ಲಿ ನಿಲ್ಲಿಸಿದ ಫಲಕಗಳು, ಸಾಲ ವಸೂಲಿಗೆ ಬರುವ ಅಧಿಕಾರಿ ಸಂಘದ ಅನುಮತಿಯಿಲ್ಲದೆ ಊರೊಳಗೆ ಬರುವಂತಿಲ್ಲವೆಂದು ಸಾರಿದವು. ಅಲ್ಲಿಯವರೆಗೆ ‘ಅಪ್ಪಣೆಯಿಲ್ಲದೆ ಒಳಗೆ ಬರಬಾರದು’ ಎಂಬುದು ಕಚೇರಿಯ ಬಾಗಿಲಿನ ಬರಹವಾಗಿತ್ತು. ರೈತನು ಅದನ್ನು ಓದಿ ಹೊರಗೆ ನಿಲ್ಲುತ್ತಿದ್ದನು. ಅದೇ ಬರಹ ಈಗ ಊರಬಾಗಿಲಿಗೆ ಬಂದು ಅಧಿಕಾರಿ ಅದನ್ನು ಓದಬೇಕಾಯಿತು. ಭಿತ್ತಿಬರಹದ ಇತಿಹಾಸದಲ್ಲಿ ಇದಕ್ಕಿಂತ ಪರಿಣಾಮಕಾರಿಯಾದ ತಿರುವು ಈ ಭಾಗದಲ್ಲಿ ಇನ್ನೊಂದಿಲ್ಲ. ಕೇರಿಯ ಮುಂದೆ ನಿಂತ ಅಂಬೇಡ್ಕರ್ ಚಿತ್ರದ ನಾಮಫಲಕವೂ ಇದೇ ಅರ್ಥದಲ್ಲಿ ಬರಹವೇ. ಹಾದುಹೋಗುವವರು ಕೇರಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಅಂಥ ಫಲಕಕ್ಕೆ ಮಸಿ ಬಳಿದರೆ ಊರು ಹೊತ್ತಿಕೊಳ್ಳುವುದಕ್ಕೆ ಕಾರಣ ಬಣ್ಣದ ಬೆಲೆಯಲ್ಲ.

ಸರಕಾರದ ಗೋಡೆ ಬರಹ ಪ್ರಮಾಣದಲ್ಲಿ ಎಲ್ಲವನ್ನೂ ಮೀರಿಸಿದೆ. ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಸಾಕ್ಷರತೆ, ಪಲ್ಸ್ ಪೋಲಿಯೊ, 2014ರಿಂದೀಚೆಗೆ ಸ್ವಚ್ಛ ಭಾರತದ ಕನ್ನಡಕ. ಈ ಘೋಷಣೆಗಳು ಪ್ರಾಸ, ಲಯಗಳಲ್ಲಿ ಗಾದೆಯನ್ನು ಅನುಕರಿಸುತ್ತವೆ. ಗಾದೆಗೆ ಸಂದರ್ಭ ಬೇಕು. ಯಾರೋ ಯಾರಿಗೋ ಯಾವುದೋ ಹೊತ್ತಿನಲ್ಲಿ ಹೇಳಿದಾಗಲೇ ಅದು ಗಾದೆ. ಗೋಡೆಯ ಘೋಷಣೆ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒಂದೇ ಮಾತನ್ನು ಹೇಳುವುದರಿಂದ ಯಾರೂ ಅದನ್ನು ಮಾತಿನಲ್ಲಿ ಬಳಸಲಿಲ್ಲ. ಜನರ ನಾಲಗೆಗೆ ಹತ್ತದ ಪ್ರಾಸ ಎಷ್ಟು ನಯವಾಗಿದ್ದರೂ ಗಾದೆಯಾಗದು. ಇವುಗಳ ಪೈಕಿ ಒಂದನ್ನು ಮಾತ್ರ ಪ್ರತ್ಯೇಕಿಸಬೇಕು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಅನುಷ್ಠಾನದಲ್ಲಿ ಕೂಲಿಕಾರರ ಹೆಸರು, ಕೆಲಸ ಮಾಡಿದ ದಿನಗಳು, ಪಡೆದ ಕೂಲಿಯ ಮೊತ್ತವನ್ನು ಗೋಡೆಯ ಮೇಲೆ ಬರೆಸಬೇಕೆಂಬ ನಿಯಮ ಬಂದಿತು. ರಾಜಸ್ಥಾನದ ಕೂಲಿಕಾರರ ಸಂಘಟನೆಯ ಜನಸುನವಾಯಿಗಳಿಂದ ಬೆಳೆದುಬಂದ ಆಲೋಚನೆಯಿದು. ಇದರಲ್ಲಿ ಪ್ರಾಸವಿಲ್ಲ, ಅಂದವಿಲ್ಲ. ಹೆಸರಿನ ಮುಂದೆ ಅಂಕಿಯಿದೆ. ಆದರೆ ತನ್ನ ಹೆಸರಿನ ಮುಂದಿನ ಅಂಕಿಯನ್ನು ಓದಿದ ಹೆಣ್ಣುಮಗಳೊಬ್ಬಳು ‘ಇಷ್ಟು ದಿನ ನಾನು ಹೋಗಿಯೇ ಇಲ್ಲ’ ಎಂದು ಗೋಡೆಯ ಮುಂದೆಯೇ ನಿಂತು ಹೇಳಬಹುದು. ಬರೆದದ್ದನ್ನು ಅಲ್ಲಗಳೆಯುವ ಅವಕಾಶವನ್ನು ಓದುಗರಿಗೆ ಕೊಟ್ಟ ಏಕೈಕ ಸರಕಾರಿ ಬರಹ ಇದು. ಬಹಳ ಕಡೆ ಇದು ಕಾಟಾಚಾರಕ್ಕೆ ಬರೆದು, ಹಳೆಯ ವರ್ಷದ ಅಂಕಿಯೊಡನೆ ಮಾಸಿಹೋಗಿ ನಿಂತಿತೆಂಬುದೂ ಅಷ್ಟೇ ನಿಜ.

ಈ ಗೋಡೆಗಳನ್ನೆಲ್ಲ ಬರೆದ ಕೈ ಒಂದೇ. ಪೇಟೆಯ ಬೋರ್ಡ್ ಬರೆಯುವ ಕಲಾವಿದನಿಗೆ ಜನ ‘ಆರ್ಟಿಸ್ಟ್’ ಎಂದೇ ಕರೆದರು. ಸುಣ್ಣ ಬಳಿದ ಗೋಡೆಗೆ ಬಣ್ಣದ ದಾರ ಎಳೆದು ಬಿಟ್ಟು ಗೆರೆ ಹಾಕಿಕೊಂಡು, ಮೊದಲು ಅಕ್ಷರದ ಮೈ, ಬಳಿಕ ನೆರಳು ತುಂಬುತ್ತಿದ್ದ ಆತ ಬೆಳಿಗ್ಗೆ ಆರೋಗ್ಯ ಇಲಾಖೆಗೆ, ಮಧ್ಯಾಹ್ನ ಬೀಜದ ಕಂಪನಿಗೆ, ರಾತ್ರಿ ಪಕ್ಷಕ್ಕೆ ಬರೆದ. ದಾವಣಗೆರೆಯ ವೃತ್ತಿನಾಟಕ ಕಂಪನಿಗಳ ಪರದೆ, ಚಲನಚಿತ್ರದ ಭಿತ್ತಿಪತ್ರ ಇವೇ ಇಂಥವರ ಗುರುಕುಲ. ಕೆಲವರಿಗೆ 1964ರಿಂದ ದಾವಣಗೆರೆಯಲ್ಲಿರುವ ಲಲಿತಕಲಾ ಕಾಲೇಜಿನ ಶಿಕ್ಷಣವೂ ಸಿಕ್ಕಿತು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ (1990–96) ಬಿಗಿಗೊಂಡ ನೀತಿಸಂಹಿತೆ ಚುನಾವಣೆಯ ಗೋಡೆಗಳನ್ನು ಕಿತ್ತುಕೊಂಡಿತು. ಬಳಿಕ ಬಂದ ಫ್ಲೆಕ್ಸ್ ಅಂಗಡಿಯ ನಾಮಫಲಕವನ್ನೂ ಕಿತ್ತುಕೊಂಡಿತು. 2016ರ ಮಾರ್ಚಿನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ಕಿನೊಡನೆ ಫ್ಲೆಕ್ಸನ್ನೂ ನಿಷೇಧಿಸಿದರೂ ಹುಟ್ಟುಹಬ್ಬದ ಶುಭಾಶಯಗಳು ವೃತ್ತಗಳಿಂದ ಇಳಿಯಲಿಲ್ಲ. ಕುಂಚ ಹಿಡಿದವರ ಅಕ್ಷರ ವಿನ್ಯಾಸಗಳನ್ನು ಸಂಗ್ರಹಿಸುವ ಕೆಲಸ ಈ ತಾಲ್ಲೂಕುಗಳಲ್ಲಿ ಇನ್ನೂ ಆರಂಭವಾಗಬೇಕಿದೆ. ಹಸೆ ಚಿತ್ತಾರಕ್ಕೆ ಸಿಕ್ಕ ಗೌರವದ ಕಾಲುಭಾಗವೂ ಇವರಿಗೆ ಸಿಗದಿರುವುದಕ್ಕೆ ಇವರು ಕೂಲಿಗೆ ಬರೆದರೆಂಬುದೇ ಕಾರಣವಾದರೆ, ದಾಸೋಜನೂ ಕೂಲಿಗೇ ಕೆತ್ತಿದ್ದನು.

2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಭಿತ್ತಿಪತ್ರಗಳ ಹಾವಳಿ ತಪ್ಪಿಸಲು ನಗರದ ಗೋಡೆಗಳ ಮೇಲೆ ಮೈಸೂರು ಅರಮನೆ, ಹಂಪೆ, ಜಲಪಾತ, ವನ್ಯಮೃಗಗಳನ್ನು ಬರೆಸಿತು. ಬರೆದವರಲ್ಲಿ ಫ್ಲೆಕ್ಸ್‌ನಿಂದ ಕೆಲಸ ಕಳೆದುಕೊಂಡ ಚಲನಚಿತ್ರ ಫಲಕಗಳ ಕಲಾವಿದರು ಇದ್ದರೆಂಬುದು ಸಮಾಧಾನದ ಸಂಗತಿ. ಅಲ್ಲಿಂದ ಈ ಮಾದರಿ ಸಣ್ಣ ಊರುಗಳಿಗೂ ಹರಿದು ಶಾಲೆ, ಅಂಗನವಾಡಿ, ಕಚೇರಿಗಳ ಕಾಂಪೌಂಡುಗಳನ್ನು ತುಂಬಿತು. ಶಾಲೆಯ ಕಟ್ಟಡಕ್ಕೆ ರೈಲುಡಬ್ಬಿಯ ರೂಪ ಕೊಟ್ಟದ್ದು ಮಕ್ಕಳಿಗೆ ಹಿಡಿಸಿತು. ಅದರ ಬಗ್ಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ‘ಜಾನಪದ’ ಎಂಬ ಹೆಸರಿನಲ್ಲಿ ಬರೆಸುವ ಚಿತ್ರಗಳ ಬಗ್ಗೆ. ಡೊಳ್ಳಿನವನು, ವೀರಗಾಸೆಯವನು, ಯಕ್ಷಗಾನದ ಕಿರೀಟ, ಕೊಡ ಹೊತ್ತ ಹೆಣ್ಣು ರಾಜ್ಯದ ಯಾವ ಮೂಲೆಗೆ ಹೋದರೂ ಅದೇ ಭಂಗಿ, ಅದೇ ಬಣ್ಣ. ಕೊಡ ಹೊತ್ತ ಹೆಣ್ಣನ್ನು ಜಗಳೂರಿನಲ್ಲಿ ಅಲಂಕಾರವಾಗಿ ಬರೆಯುವುದು ಎಷ್ಟು ಸರಿ? 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸಬೇಕೆಂದು ವರ್ಷಗಟ್ಟಲೆ ಕಾದ ತಾಲ್ಲೂಕಿನಲ್ಲಿ ಅದು ಅಲಂಕಾರವಲ್ಲ, ದೂರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರ ಯಾತ್ರಾಕೇಂದ್ರವಾಗಿದೆ. ಲಂಬಾಣಿ ಹೆಣ್ಣಿನ ಕನ್ನಡಿ ಕಸೂತಿಯೂ ಅವಳ ಕೈಯಲ್ಲಿ ಬರೆದ ಬರಹವೇ. ಗೋಡೆಯ ಚಿತ್ರದಲ್ಲಿ ಅವಳ ಉಡುಗೆ ಬರುತ್ತದೆ, ಅವಳ ಕೈ ಬರುವುದಿಲ್ಲ.

ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯನ್ನಿಟ್ಟರು; 2019ರಲ್ಲಿ ಹದಗೆಟ್ಟ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನವನೊಬ್ಬನನ್ನು ನಡೆಸಿ ಅದನ್ನು ಚಂದ್ರನ ನೆಲವಾಗಿಸಿದರು. ಗುಂಡಿಯಿದ್ದ ಜಾಗದಲ್ಲಿಯೇ ಗುಂಡಿಯನ್ನು ಕುರಿತು ಮಾತಾಡಿದುದರಿಂದ ಅದು ನಗರಕ್ಕೆ ತಾಗಿತು. 2016ರಲ್ಲಿ ಆರಂಭವಾದ ಅರವಾನಿ ಆರ್ಟ್ ಪ್ರಾಜೆಕ್ಟಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ತಮ್ಮನ್ನು ಹೊರಗಿಟ್ಟ ಬೀದಿಯ ಗೋಡೆಗಳ ಮೇಲೆ ತಾವೇ ಬರೆದರು. ಸ್ಥಳ, ಬರೆಯುವವರು, ಬರಹ ಈ ಮೂರೂ ಒಂದಕ್ಕೊಂದು ಸಂಬಂಧಪಟ್ಟಾಗ ಗೋಡೆ ಮಾತಾಡುತ್ತದೆ. ಸೌಂದರ್ಯೀಕರಣದ ಗೋಡೆಗಳಲ್ಲಿ ಈ ಮೂರೂ ಬೇರೆ ಬೇರೆ ಟೆಂಡರಿನಲ್ಲಿ ಬರುತ್ತವೆ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಅಧಿನಿಯಮವು ಅನುಮತಿಯಿಲ್ಲದ ಬರಹವನ್ನು ವಿರೂಪದ ಸಾಲಿಗೆ ಸೇರಿಸಿತು. ಅನುಮತಿ ಪಡೆದ ವಿರೂಪದ ಬಗ್ಗೆ ಅದರಲ್ಲಿ ವಿಧಿಯಿಲ್ಲ.

ಹೊಸ ಚಿತ್ರ ಬರೆಯುವ ಮುನ್ನ ಗೋಡೆಗೆ ಬಿಳಿಬಣ್ಣ ಬಳಿಯುತ್ತಾರೆ. ಅದರಡಿ ಏನಿತ್ತೆಂಬುದನ್ನು ಯಾವ ಪುರಸಭೆಯ ಕಡತವೂ ಹೇಳುವುದಿಲ್ಲ. ಸ್ಥಳ, ದಿನಾಂಕ, ನೆಲದಿಂದ ಎತ್ತರ, ಬಳಸಿದ ವಸ್ತು, ಅಕ್ಷರದ ಗಾತ್ರ, ಮೇಲೆ ಬಿದ್ದ ಮರುಬರಹ ಇಷ್ಟನ್ನು ಛಾಯಾಚಿತ್ರದೊಡನೆ ದಾಖಲಿಸಿದರೆ ರೈಸ್ ಕಲ್ಲಿಗೆ ಮಾಡಿದ್ದನ್ನು ಸುಣ್ಣಕ್ಕೆ ಮಾಡಿದಂತಾಗುತ್ತದೆ. ಎತ್ತರ ಮುಖ್ಯ, ಮಕ್ಕಳ ಬರಹ, ಕೂತು ಬರೆದವರ ಬರಹ, ಏಣಿಯಿಟ್ಟು ಬರೆದವರ ಬರಹ ಬೇರೆ ಬೇರೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಮಳೆಯೇ ಸೂಚಿಸುತ್ತದೆ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಇದ್ದಿಲಿನ ಗೆರೆಯೂ ಕೆಲವು ವರ್ಷ ಬಾಳಬಹುದು. ಮಲೆನಾಡಿನ ಅಂಚಿನ ನ್ಯಾಮತಿಯಲ್ಲಿ ಒಂದೇ ಮುಂಗಾರಿಗೆ ಸುಣ್ಣ ಇಳಿದುಹೋಗುತ್ತದೆ. ಆದುದರಿಂದ ಮೇ ತಿಂಗಳೊಳಗೆ ನ್ಯಾಮತಿ, ಹೊನ್ನಾಳಿಗಳ ಗೋಡೆಗಳನ್ನು ಮುಗಿಸಿಕೊಂಡು, ಚನ್ನಗಿರಿಯ ಮೂಲಕ ಜಗಳೂರಿಗೆ ಬರುವುದು ಸೂಕ್ತ.